ಮೇಷ್ಟ್ರ ತಪ್ಪುಗಳು, ಹೊಸಬರಿಗೆ ಮಾತ್ರ

ನನ್ನ ಬಸ್ಸು ತಪ್ಪಿಸಿದವನನ್ನು ನಾನು ಕ್ಷಮಿಸಬಹುದಿತ್ತು. ಬಸ್ಸು ತಪ್ಪಿಸಿ, ಆಮೇಲೆ ನಾಲ್ಕು ಜನ ನನ್ನನ್ನು ನೋಡಿ ನಗುವಂತೆ ಮಾಡಿದವನನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಇರುವುದೂ ಬೇಡ.

ನಡೆದದ್ದು ಇಷ್ಟು. ಊರಿನ ಬಸ್ಸುಗಳ ಸಮಯ ತೋರಿಸುವ ಒಂದು ಆ್ಯಪ್ ಇದೆ. ಯಾವ ಕಂಪನಿಯದ್ದೂ ಅಲ್ಲ. ಒಂದಷ್ಟು ಜನ ತಮ್ಮ ಬಿಡುವಿನಲ್ಲಿ ಸೇರಿ ಕಟ್ಟಿದ್ದು. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಆ ಆ್ಯಪ್ ಒಂದು ಸರ್ಕಾರಿ ರಜೆಯ ದಿನ ಇಲ್ಲದ ಬಸ್ಸನ್ನು ಇದೆ ಎಂದು ತೋರಿಸಿತು. ಸರ್ಕಾರಕ್ಕೆ ರಜೆ ಇತ್ತು, ನನ್ನ ಇಂಟರ್‌ವ್ಯೂಗೆ ಇರಲಿಲ್ಲ. ನಾನು ನಿಲ್ದಾಣದಲ್ಲಿ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬೆವರುತ್ತ ನಿಂತೇ ಇದ್ದೆ. ಬಸ್ಸು ಬರಲಿಲ್ಲ, ಆಟೋ ಸಿಗಲಿಲ್ಲ, ಕೆಲಸ ಬೇರೆ ಯಾರಿಗೋ ಹೋಯಿತು.

ಕಂಪ್ಯೂಟರ್ ಓದಿ, ಹಲ್ಲಿನ ಕ್ಲಿನಿಕ್ಕಿನ ಕೌಂಟರಿನಲ್ಲಿ ಟೋಕನ್ ಕೊಡುತ್ತ ಕೂತವಳಿಗೆ ಅದು ಎಂಥ ಅವಕಾಶವಾಗಿತ್ತು ಅಂತ ನಾನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಿಟ್ಟಿನಲ್ಲಿ ಆ ಆ್ಯಪ್‌ನ ದೂರಿನ ಪುಟಕ್ಕೆ ಹೋಗಿ, 'ಬಸ್ಸು ತಪ್ಪಿದವಳು' ಎಂಬ ಹೆಸರಿನಲ್ಲಿ ಉದ್ದಕ್ಕೆ ಬರೆದೆ. ಸ್ವಲ್ಪ ಕೂಗಾಡಿದೆ, ಒಪ್ಪುತ್ತೇನೆ. ಕೂಗಾಡುವ ಹಕ್ಕು ನನಗಿತ್ತು.

ಉತ್ತರ ಬರೆದವನು ಆ ಯೋಜನೆಯ ಮುಖ್ಯಸ್ಥ. ಎಲ್ಲರೂ ಅವನನ್ನು ಮೇಷ್ಟ್ರು ಅನ್ನುತ್ತಾರೆ, ಅಸಲಿಗೆ ಅವನು ನಕ್ಷೆ ತಯಾರಿಸುವ ಕಚೇರಿಯಲ್ಲಿ ಎಂಜಿನಿಯರ್. ಬರೆದದ್ದು ಹೀಗೆ: "ಬಿಟ್ಟಿ ಸಿಗುವ ಆ್ಯಪ್ ಬಳಸಿ ಇಷ್ಟು ಅರಚಬೇಡಿ. ಅಷ್ಟು ಸಿಟ್ಟಿದ್ದರೆ ನೀವೇ ಸರಿಪಡಿಸಿ ಕಳಿಸಿ." ಬರೆದು, ನನ್ನ ದೂರಿಗೆ ಬಾಗಿಲು ಹಾಕಿಬಿಟ್ಟ. ಅದರ ಕೆಳಗೆ ಗುಂಪಿನವರೆಲ್ಲ ನಗುವ ಮುಖಗಳನ್ನು ಅಂಟಿಸಿದ್ದರು.

"ಸರಿಪಡಿಸ್ತೀನಿ. ಮೊದಲು ಆ್ಯಪ್ ಅಲ್ಲ, ಅವನನ್ನ," ಅಂದೆ ಚಿಕ್ಕಮ್ಮನಿಗೆ.

ಚಿಕ್ಕಮ್ಮ ನರ್ಸು. ನಾನಿರುವುದು ಅವಳ ಮನೆಯಲ್ಲೇ. ಸೂಜಿ ಚುಚ್ಚಿ ಚುಚ್ಚಿ ಅವಳ ಮಾತಿಗೂ ಮೊನೆ ಬಂದಿದೆ. "ಸಿಟ್ಟಲ್ಲಿ ಕುಯ್ದ ಮೂಗು ಸಮಾಧಾನದಲ್ಲಿ ಬರಲ್ಲ ಕಣೇ," ಅಂದಳು.

"ನನ್ನ ಮೂಗಲ್ಲ ಚಿಕ್ಕಮ್ಮ, ಅವನದ್ದು."

ಎಲ್ಲರೆದುರು ಆದ ಅವಮಾನ ಎಲ್ಲರೆದುರೇ ತೀರಬೇಕು. ಅವನು ಅದೇ ಜನರ ಮುಂದೆ ತಲೆ ತಗ್ಗಿಸಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ, ಅದಕ್ಕಿಂತ ಒಂದು ಕೂದಲೆಳೆಯಷ್ಟೂ ಕಡಿಮೆ ಬೇಡವಾಗಿತ್ತು. ಮರೆತುಹೋಗಿದ್ದ ಪಾಠಗಳನ್ನೆಲ್ಲ ಕ್ಲಿನಿಕ್ಕಿನ ಕೌಂಟರಿನಲ್ಲೇ ಮತ್ತೆ ಓದತೊಡಗಿದೆ. ಒಳಗೆ ಡಾಕ್ಟರು ಹಲ್ಲು ಕೀಳುತ್ತಿದ್ದರು, ಹೊರಗೆ ನಾನು ಹಲ್ಲು ಕಡಿಯುತ್ತಿದ್ದೆ.

ಕೆಲವು ತಿಂಗಳ ನಂತರ ಆ ಯೋಜನೆಯ ಪುಟದಲ್ಲಿ ಒಂದು ಪ್ರಕಟಣೆ ಬಂತು. 'ಹೊಸಬರ ಶನಿವಾರ. ಏನೂ ಗೊತ್ತಿಲ್ಲದಿದ್ದರೂ ಬನ್ನಿ.' ನಾನು 'ಗುಬ್ಬಿ' ಎಂಬ ಹೊಸ ಹೆಸರಿಟ್ಟುಕೊಂಡು ಹೊರಟೆ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಮೆಟ್ಟಿಲ ತುಂಬ ರಬ್ಬರಿನ ವಾಸನೆ. ಒಂದೊಂದು ಬಣ್ಣದ ಪ್ಲಾಸ್ಟಿಕ್ ಕುರ್ಚಿಗಳು, ನೆಲಕ್ಕೆ ಟೇಪು ಹಾಕಿ ಅಂಟಿಸಿದ ವೈರುಗಳು, ಗೋಡೆಗೊಂದು ಬಿಳಿ ಬೋರ್ಡು. ನಾನು ಮೀಸೆ ತಿರುವುವ ಒಬ್ಬ ಭೂಪತಿಯನ್ನು ಕಲ್ಪಿಸಿಕೊಂಡು ಬಂದಿದ್ದೆ. ಅಲ್ಲಿದ್ದವನು ಸಪೂರ ಆಳು, ಸ್ವೆಟರಿನ ಮೊಣಕೈ ಹರಿದಿತ್ತು, ಫ್ಲಾಸ್ಕಿನಿಂದ ಎಲ್ಲರಿಗೂ ಟೀ ಬಗ್ಗಿಸಿ ಕೊಡುತ್ತಿದ್ದ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ಅದೇ ಕನ್ನಡಕವನ್ನು ಮೇಜಿನ ಮೇಲೆಲ್ಲ ತಡಕಾಡುತ್ತಿದ್ದ. ಶತ್ರು ಇಷ್ಟು ಪಾಪದವನ ಹಾಗೆ ಕಾಣಬಾರದು, ಅನ್ಯಾಯ.

"ಮೊದಲ ಸಲನಾ?" ಅಂದ ನನಗೆ ಟೀ ಕೊಡುತ್ತ.

"ಹೂಂ. ಮೊದಲ ಸಲ."

"ಹೆದರಬೇಡಿ. ಇಲ್ಲಿ ಯಾರೂ ಬೈಯಲ್ಲ."

ನಾಲಿಗೆಯ ತುದಿಗೆ ಬಂದದ್ದನ್ನು ಟೀ ಜೊತೆ ನುಂಗಿದೆ. ನಾಲಿಗೆ ಸುಟ್ಟಿತು. ಆ ಲೆಕ್ಕವನ್ನೂ ಅವನ ಹೆಸರಿಗೇ ಬರೆದುಕೊಂಡೆ.

ಅವನು ಪಕ್ಕದಲ್ಲಿ ಕುರ್ಚಿ ಎಳೆದು ಕೂತ. "ಇವತ್ತೇ ಕೋಡ್ ಬರೆಯೋಕೆ ಹೋಗ್ಬೇಡಿ. ಆ್ಯಪ್ ನಿಮ್ಮ ಲ್ಯಾಪ್‌ಟಾಪಲ್ಲಿ ಓಡೋ ಹಾಗೆ ಮಾಡ್ಕೊಳ್ಳಿ, ಸಾಕು. ನಾವು ಬರೆದಿರೋ ಸೂಚನೆ ನೋಡ್ಕೊಂಡೇ ಮಾಡಿ. ನಿಮಗೆ ಎಲ್ಲಿ ತಲೆ ಕೆಡುತ್ತೋ, ಅಲ್ಲಿ ನಮ್ಮ ಸೂಚನೆ ಸರಿ ಇಲ್ಲ ಅಂತ ಅರ್ಥ. ಅದನ್ನ ತಿದ್ದಿ ಕಳಿಸಿ. ಅದೇ ನಿಮ್ಮ ಮೊದಲ ಕೆಲಸ."

"ಅಷ್ಟು ಸಣ್ಣದಾ?"

"ಸಣ್ಣದೇ ಬೇಕು. ದೊಡ್ಡದು ಕಳಿಸಿದ್ರೆ ಓದೋಕೆ ನಮಗೆ ಸೋಮಾರಿತನ. ಮತ್ತೆ, ಹೊಸಬರು ಎಡವೋ ಜಾಗ ನಮಗೆ ಕಾಣ್ಸಲ್ಲ ನೋಡಿ. ಹತ್ತಿ ಇಳಿದು ಅಭ್ಯಾಸ ಆಗ್ಬಿಟ್ಟಿದೆ."

ಎಡವಿದ್ದೆನಲ್ಲ ಮಾರಾಯ, ನಿನ್ನ ಬಾಗಿಲಲ್ಲೇ ಎಡವಿದ್ದೆ, ನೀನು ನಕ್ಕೆ. ಹಾಗೆ ಹೇಳಲಿಲ್ಲ. ತಲೆಯಾಡಿಸಿದೆ.

ಸೂಚನೆಯಲ್ಲಿ ನಿಜವಾಗಿಯೂ ಒಂದು ಹೆಜ್ಜೆ ಬಿಟ್ಟುಹೋಗಿತ್ತು. ಹಿಡಿದೆ, ತಿದ್ದಿದೆ, ಕಳಿಸಿದೆ. ಮೊದಲ ಬದಲಾವಣೆಗೇ ಅವನು ಏನಾದರೂ ಚುಚ್ಚಿ ಬರೆಯುತ್ತಾನೆಂದು ಕಾದೆ. ಬರೆದ: "ಇದನ್ನು ಬಿಟ್ಟವನು ನಾನೇ. ಥ್ಯಾಂಕ್ಸ್, ಗುಬ್ಬಿ." ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ಒಳ್ಳೆಯ ಮಾತು ಬರುತ್ತದೆಂದಾದರೆ ಅವತ್ತು ಎಲ್ಲಿ ಹೋಗಿತ್ತು?

ಅಲ್ಲಿಂದ ಶನಿವಾರ ತಪ್ಪಿಸಲಿಲ್ಲ. ವಾರದ ನಡುವೆ ನಾನು ಕಳಿಸಿದ್ದಕ್ಕೆಲ್ಲ ಅವನ ಟಿಪ್ಪಣಿ ಬರುತ್ತಿತ್ತು. ಒಮ್ಮೆ ಕೋಡಿನೊಳಗೆ, ಬಾರದೇ ಹೋದ ಬಸ್ಸಿಗೆ ನಾನು 'ಹಾಳಾದ ಬಸ್ಸು' ಎಂದೇ ಹೆಸರಿಟ್ಟಿದ್ದೆ.

"ಬಸ್ಸಿಗೆ ಯಾಕೆ ಇಷ್ಟು ಶಾಪ?" ಎಂದು ಬರೆದ.

"ಅನುಭವ," ಎಂದೆ.

"ಒಂದು ದಿನ ಆ ಅನುಭವ ಕೇಳಬೇಕು."

"ಕೇಳಿಸ್ತೀನಿ. ಆ ದಿನ ಬರಲಿ."

ಅವನು ಅದಕ್ಕೊಂದು ನಗುವ ಮುಖ ಹಾಕಿದ. ಅದೇ ನಗುವ ಮುಖ! ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ. ಆಮೇಲೆ ಮತ್ತೆ ತೆರೆದು ಅವನ ಸಾಲನ್ನು ಇನ್ನೊಮ್ಮೆ ಓದಿದೆ. ಯಾಕೆ ಓದಿದೆ ಅಂತ ನನ್ನನ್ನು ಕೇಳಬೇಡಿ.

ಒಂದು ಶನಿವಾರ ಹೊರಡುವಾಗ ಚಿಕ್ಕಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. "ಅಲ್ವೇ, ಸೇಡು ತೀರಿಸ್ಕೊಳ್ಳೋಕೆ ಹೋಗೋಳು ಕಣ್ಣಿಗೆ ಕಾಡಿಗೆ ಯಾಕೆ ಹಚ್ಕೊಂಡಿದೀಯ?"

"ಕಣ್ಣು ಕೆಂಪಾಗಿದ್ದು ಕಾಣ್ಬಾರ್ದು ಅಂತ."

"ಹೌದೌದು. ನಾನೂ ನಿನ್ನ ವಯಸ್ಸು ದಾಟ್ಕೊಂಡೇ ಬಂದಿದೀನಿ."

ಆ ಶನಿವಾರ ನನ್ನ ಪರದೆ ನೋಡಲು ಅವನು ಬಗ್ಗಿದಾಗ ಕನ್ನಡಕ ಹಣೆಯಿಂದ ಜಾರಿ ನನ್ನ ಕೈಗೇ ಬಿತ್ತು. ಕೊಡುವಾಗ ಅವನು ಕನ್ನಡಕವಿಲ್ಲದ ಕಣ್ಣುಗಳಿಂದ, ಅಷ್ಟು ಹತ್ತಿರದಿಂದ, ನನ್ನನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. "ಈಗ ಸರಿಯಾಗಿ ಕಾಣ್ತಿಲ್ಲ," ಅಂದ. "ಕಾಣೋ ದಿನ ಕಾಣುತ್ತೆ," ಅಂದೆ. ನನ್ನ ಧ್ವನಿ ನಾನಂದುಕೊಂಡಷ್ಟು ಗಡುಸಾಗಿ ಬರಲಿಲ್ಲ. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಸೇಡಿಗೆ ದಾರಿ ತೋರಿಸಿದ್ದು ಬ್ಯಾಂಕಕ್ಕ. ಬ್ಯಾಂಕಿನಲ್ಲಿ ಕೆಲಸ, ಬಿಡುವಿನಲ್ಲಿ ಈ ಯೋಜನೆ. ಎಲ್ಲರೂ ಕಳಿಸಿದ ಬದಲಾವಣೆಗಳನ್ನು ಸೇರಿಸಿಕೊಳ್ಳುವವರಲ್ಲಿ ಅವರೂ ಒಬ್ಬರು. "ಅರ್ಧ ವರ್ಷಕ್ಕೊಂದ್ಸಲ, ಯಾರ ಕೆಲಸ ಜಾಸ್ತಿ ಒಳಗೆ ಬಂದಿರುತ್ತೋ ಅವರಿಗೆ ಕೀಲಿ ಕೊಡ್ತೀವಿ," ಅಂದರು. ಕೀಲಿ ಅಂದರೆ ಯಾರ ಬದಲಾವಣೆಯನ್ನಾದರೂ ಒಪ್ಪುವ, ತಡೆಯುವ ಅಧಿಕಾರ.

"ಮೇಷ್ಟ್ರದ್ದೂ ತಡೀಬಹುದಾ?"

"ಅವರದ್ದೇ ಮೊದಲು ನೋಡ್ಬೇಕು. ಒಂದು ವರ್ಷದಿಂದ ದಾರಿ ಹುಡುಕೋ ಭಾಗ ಪೂರ್ತಿ ಹೊಸದಾಗಿ ಬರೀತಿದಾರೆ. ಇನ್ನೇನು ಕಳಿಸ್ತಾರೆ."

ಅವನ ಒಂದು ವರ್ಷದ ಶ್ರಮ ನನ್ನ ಕೈಯಲ್ಲಿ. ಎಲ್ಲರೂ ನೋಡುವಲ್ಲಿ ನಾನು ಬಾಗಿಲು ಹಾಕುತ್ತೇನೆ.

ಡಾಕ್ಟರು ಊರಿಗೆ ಹೋದರು, ಕ್ಲಿನಿಕ್ಕಿಗೆ ಕೆಲವು ದಿನ ರಜೆ ಸಿಕ್ಕಿತು. ಯೋಜನೆಯ ಪುಟದಲ್ಲಿ 'ಮೊದಲ ಹೆಜ್ಜೆ' ಎಂಬ ಹಸಿರು ಚೀಟಿ ಹಚ್ಚಿದ ಸಣ್ಣ ಸಣ್ಣ ತಪ್ಪುಗಳು ರಾಶಿ ಬಿದ್ದಿದ್ದವು. ಒಂದು ಗುಂಡಿಯ ಬಣ್ಣ, ಒಂದು ನಿಲ್ದಾಣದ ಹೆಸರು, ಚಿಕ್ಕ ಪರದೆಯಲ್ಲಿ ತುಂಡಾಗುವ ಒಂದು ಸಾಲು. ಎಷ್ಟು ಕಾಲದಿಂದ ಹಾಗೇ ಬಿದ್ದಿವೆ, ಸೋಮಾರಿಗಳು ಅಂದುಕೊಂಡೆ. ಕೂತು ಎಲ್ಲವನ್ನೂ ಬಳಿದುಬಿಟ್ಟೆ. ಮೇಷ್ಟ್ರು ತನ್ನ ಅಕ್ಕನ ಮನೆಗೆ ಹೋಗಿದ್ದ ವಾರ ಅದು. ಬ್ಯಾಂಕಕ್ಕ ಒಂದೊಂದಾಗಿ ಒಪ್ಪುತ್ತ, "ಏನಮ್ಮ ಗುಬ್ಬಿ, ಹದ್ದಾಗ್ಬಿಟ್ಟೆ!" ಎಂದು ಬರೆದರು. ಕೀಲಿ ನನಗೇ ಅಂತ ಖಾತ್ರಿಯಾಯಿತು.

ಮುಂದಿನ ಶನಿವಾರ ಬೀಗುತ್ತ ಮೆಟ್ಟಿಲು ಹತ್ತಿದೆ. ಕೋಣೆಯಲ್ಲಿ ಹೊಸ ಮುಖಗಳು. ಅವರಲ್ಲಿ ಒಬ್ಬರು, ಮಗು ಹುಟ್ಟಿದಾಗ ಕೆಲಸ ಬಿಟ್ಟು ವರ್ಷಗಟ್ಟಲೆ ಮನೆಯಲ್ಲಿದ್ದವರು. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದರು. "ಎಲ್ಲಾ ಮರ್ತೋಗಿದೆ. ಏನಾದ್ರೂ ಸುಲಭದ್ದು ಕೊಡಿ," ಅಂದರು ಸಂಕೋಚದಿಂದ. ಮೇಷ್ಟ್ರು ಪುಟ ತೆರೆದ. ಕೆಳಗೆ ಜಾರಿಸಿದ, ಮೇಲೆ ಜಾರಿಸಿದ. ಹಸಿರು ಚೀಟಿ ಒಂದೂ ಇಲ್ಲ.

"ಇವತ್ತು... ಸಣ್ಣದು ಯಾವುದೂ ಉಳಿದಿಲ್ಲ," ಅಂದ. ಉಳಿದವೆಲ್ಲ ಹಳಬರೇ ತಲೆ ಕೆರೆದುಕೊಳ್ಳುವಂಥವು. ಆ ತಾಯಿ ಸ್ವಲ್ಪ ಹೊತ್ತು ಒಂದನ್ನು ದಿಟ್ಟಿಸಿದರು. ಆಮೇಲೆ ಲ್ಯಾಪ್‌ಟಾಪ್ ಮಡಚಿ, ಮಗುವಿನ ನೀರಿನ ಬಾಟಲಿ ಇದ್ದ ಚೀಲದೊಳಗೆ ಇಟ್ಟುಕೊಂಡು, "ಇನ್ನೊಂದಿನ ಬರ್ತೀನಿ," ಎಂದು ಎದ್ದರು. ಇನ್ನೊಂದಿನ ಬರುವವರ ಮುಖ ಹಾಗಿರುವುದಿಲ್ಲ. ನನಗೆ ಗೊತ್ತು, ಆ ಮುಖ ನಾನೂ ಹೊತ್ತು ತಿರುಗಿದ್ದೇನೆ.

ಮೇಷ್ಟ್ರು ನನ್ನನ್ನು ಮೆಟ್ಟಿಲ ಹತ್ತಿರ ಕರೆದ. "ಎಲ್ಲಾ ನೀವೇ ತಿಂದ್ಬಿಟ್ರಲ್ಲ, ಗುಬ್ಬಿ."

"ಸರಿ ಮಾಡಿದ್ದು ತಪ್ಪಾ?"

"ಅವು ನನಗೆ ಕಾಣ್ತಿರ್ಲಿಲ್ಲ ಅಂದ್ಕೊಂಡ್ರಾ? ಒಂದು ಟೀ ಕುಡಿಯೋಷ್ಟರಲ್ಲಿ ಮುಗಿಸ್ತಿದ್ದೆ. ಬೇಕಂತಲೇ ಬಿಟ್ಟಿದ್ದೆ. ಹೊಸಬರು ಬಂದ್ರೆ ಕೈಗೆ ಏನಾದ್ರೂ ಕೊಡ್ಬೇಕಲ್ಲ. ಒಬ್ಬರಿಗೆ ಒಂದು, ಅದು ಮುಗಿಸಿದ್ಮೇಲೆ ಅವರು ದೊಡ್ಡದಕ್ಕೆ ಹೋಗ್ಬೇಕು. ಇದು ನಮ್ಮಲ್ಲಿ ಪದ್ಧತಿ."

ಅವನೇ ಮುಂದುವರಿಸಿದ, ಕೈಗಂಬಿಯನ್ನು ಉಗುರಿನಿಂದ ಕೆರೆಯುತ್ತ. "ಹಿಂದೆ ಒಬ್ಬರಿಗೆ ನಾನು ತುಂಬ ಕೆಟ್ಟದಾಗಿ ಮಾತಾಡ್ಬಿಟ್ಟೆ. ಬಸ್ಸು ತಪ್ಪಿದವಳು ಅಂತ ಹೆಸರು. ಅವರು ಹೇಳಿದ್ದು ನಿಜ ಇತ್ತು. ಅವತ್ತು ನನಗೇನೂ ಕಷ್ಟ ಇರ್ಲಿಲ್ಲ, ಸುಮ್ನೆ ಕೊಬ್ಬು. ಆ ತಪ್ಪನ್ನ ಅದೇ ದಿನ ಸರಿ ಮಾಡಿದೆ. ಆದ್ರೆ ಅವರಿಗೆ ಹೇಳೋಕೆ ಮುಖ ಇರ್ಲಿಲ್ಲ. ಅವರು ಮತ್ತೆ ಬರ್ಲೇ ಇಲ್ಲ. ಅದಕ್ಕೇ ಈ ಶನಿವಾರ ಶುರು ಮಾಡಿದ್ದು."

ಇದನ್ನು ಕೇಳಿ ನಾನು ಕರಗಿದೆ ಅಂದುಕೊಂಡಿರಾ? ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ; ಇವನು ಎತ್ತಿಗೆ ಹೊಡೆದು ಎಮ್ಮೆಗೆ ಮುಲಾಮು ಹಚ್ಚುತ್ತಿದ್ದ. ನನಗೆ ಬೈದು, ಯಾರ ಯಾರಿಗೋ ಟೀ ಕೊಟ್ಟರೆ ನನಗೆ ತಲುಪುತ್ತದಾ? ನಾನು ತಿಂಗಳುಗಟ್ಟಲೆ ಬೆಂದದ್ದು ಅವನ ಆ ಒಂದು ಸಾಲಿನಿಂದ. ಅವನ ಪಶ್ಚಾತ್ತಾಪದ ಒಂದು ಸಾಲಾದರೂ ನನ್ನ ಹೆಸರಿಗೆ ಬರಬೇಡವಾ?

"ಅವರಿಗೆ ಒಂದು ಮಾತು ಬರೆಯೋಕೆ ಏನಾಗಿತ್ತು ನಿಮಗೆ?" ಅಂದೆ.

"ಹೆದರಿಕೆ," ಅಂದ. ಎಷ್ಟು ಸರಳವಾಗಿ ಅಂದನೆಂದರೆ, ಅವನ ಕೆನ್ನೆಗೊಂದು ಬಾರಿಸಿ ಅಲ್ಲೇ ಒರಗಬೇಕು ಅನ್ನಿಸಿತು. ಎರಡೂ ಮಾಡದೆ ಮೆಟ್ಟಿಲಿಳಿದೆ.

ವಾರದೊಳಗೆ ಕೀಲಿ ಬಂತು. ಅದರ ಬೆನ್ನಿಗೇ ಮೇಷ್ಟ್ರ ದೊಡ್ಡ ಬದಲಾವಣೆ, ಪರಿಶೀಲನೆಗೆಂದು ನನ್ನ ಹೆಸರಿಗೇ ಬಂತು. ನಾನು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತೆ. ಚಿಕ್ಕಮ್ಮ ಡ್ಯೂಟಿಗೆ ಹೊರಟಿದ್ದಳು.

"ಏನೇ, ಮುಹೂರ್ತ ಬಂತಾ?"

"ಬಂತು. ಇವತ್ತು ಅವನ ಕೆಲಸ ತಡೀತೀನಿ."

"ಕೆಲಸ ಚೆನ್ನಾಗಿಲ್ವಾ?"

"ನೋಡ್ಬೇಕು."

"ನೋಡೋ ಮೊದಲೇ ತೀರ್ಪಾ!" ಅವಳು ಚಪ್ಪಲಿ ಹಾಕಿಕೊಂಡಳು. "ಅವನನ್ನ ಮುಗಿಸ್ಬೇಕಾ, ಮದುವೆ ಆಗ್ಬೇಕಾ, ಒಂದು ತೀರ್ಮಾನ ಮಾಡು. ನನಗೆ ಹೊತ್ತಾಯ್ತು."

ಮೊಸರಿನಲ್ಲಿ ಕಲ್ಲು ಹುಡುಕಲು ಕೂತೆ. ಸಾಲು ಸಾಲಾಗಿ ಓದಿದೆ. ಹಾಳಾದವನು, ಚೆನ್ನಾಗಿ ಬರೆದಿದ್ದ. ರಜಾದಿನದ ಬಸ್ಸುಗಳನ್ನಂತೂ ಮತ್ತೆ ಮತ್ತೆ ಪರೀಕ್ಷಿಸುವಂತೆ ಬರೆದಿದ್ದ. ಆ ಭಾಗವನ್ನು ಎರಡು ಸಲ ಓದಿದೆ. ಆದರೂ ಬಿಡಲಿಲ್ಲ. ಹುಡುಕಿದವಳಿಗೆ ಕಲ್ಲು ಸಿಗದೇ ಇರುತ್ತದಾ? ಸಿಕ್ಕವು, ಎಲ್ಲ ಸಣ್ಣವು. ಒಂದು ಕಡೆ ಬಳಸದೆ ಬಿಟ್ಟ ಸಾಲು, ಒಂದು ಕಡೆ ಅರ್ಥವಾಗದ ಎಚ್ಚರಿಕೆಯ ಮಾತು, ಇನ್ನೊಂದು ಕಡೆ ಗುಂಡಿ ಒತ್ತಿದರೆ ಎರಡು ಸಲ ತೆರೆಯುವ ಕಿಟಕಿ. ಯಾವ ಬಸ್ಸನ್ನೂ ತಪ್ಪಿಸುವಂಥವಲ್ಲ.

ಇಷ್ಟಕ್ಕೆ ತಡೆದರೆ ಅದು ಸುಳ್ಳು. ಸುಮ್ಮನೆ ಒಪ್ಪಿದರೆ ನನ್ನ ಸೋಲು. ಎರಡರ ನಡುವೆ ಎಷ್ಟೋ ಹೊತ್ತು ಕೂತೆ. ಕಣ್ಣ ಮುಂದೆ ಬಂದದ್ದು ಮೇಷ್ಟ್ರ ಮುಖವಲ್ಲ. ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿದ ಆ ತಾಯಿಯ ಮುಖ. ಅವರ ಕೈಗೆ ಕೊಡಲು ಅಲ್ಲಿ ಏನೂ ಇರಲಿಲ್ಲ. ಈಗ ಇತ್ತು.

'ಬಸ್ಸು ತಪ್ಪಿದವಳು' ಎಂಬ ನನ್ನ ಹಳೆಯ ಹೆಸರಿನಿಂದ ಒಳಗೆ ಹೋದೆ. ಅವನ ಒಂದೊಂದು ತಪ್ಪನ್ನೂ ಬೇರೆ ಬೇರೆಯಾಗಿ, ಎಲ್ಲರೂ ನೋಡುವ ಹಾಗೆ ಹಾಕಿದೆ. ಎಲ್ಲಿ ನೋಡಬೇಕು, ಹೇಗೆ ಶುರು ಮಾಡಬೇಕು ಎಂದು ಹೊಸಬರಿಗೆ ತಿಳಿಯುವಂತೆ ಬಿಡಿಸಿ ಬರೆದು, ಪ್ರತಿಯೊಂದಕ್ಕೂ ಹಸಿರು ಚೀಟಿ ಹಚ್ಚಿದೆ. ಕೊನೆಗೆ ಎಲ್ಲದರ ಕೆಳಗೂ ಒಂದೇ ಸಾಲು: "ಮೇಷ್ಟ್ರು ಇದನ್ನು ಮುಟ್ಟುವಂತಿಲ್ಲ. ಹೊಸಬರ ಪಕ್ಕ ಕೂತು ಹೇಳಿಕೊಡಬೇಕು." ಆಮೇಲೆ ಗುಬ್ಬಿಯಾಗಿ ವಾಪಸು ಬಂದು ಅವನ ದೊಡ್ಡ ಬದಲಾವಣೆಯನ್ನು ಒಪ್ಪಿದೆ. "ಒಪ್ಪಿದ್ದೇನೆ. ತಪ್ಪುಗಳನ್ನು ನನ್ನ ಹಳೆಯ ಹೆಸರಿನಲ್ಲಿ ಹಾಕಿದ್ದೇನೆ, ನೋಡಿಕೊಳ್ಳಿ," ಎಂದು ಬರೆದೆ. ಬೆವರಿತ್ತು. ಹಾಯೆನ್ನಿಸಿತ್ತು ಕೂಡ.

ಮರುದಿನ ಮಧ್ಯಾಹ್ನ ಕ್ಲಿನಿಕ್ಕಿನ ಬಾಗಿಲು ತಳ್ಳಿಕೊಂಡು ಅವನು ಬಂದ. ವಿಳಾಸ ಬ್ಯಾಂಕಕ್ಕ ಕೊಟ್ಟಿರಬೇಕು. ಬೆಂಚಿನ ಮೇಲೆ ಕೆನ್ನೆ ಊದಿದ ತಾತ, ವಕೀಲರ ಕೋಟು ಹಾಕಿಕೊಂಡ ಹೆಂಗಸು, ಇನ್ನೂ ಕೆಲವರು ಇದ್ದರು. ಅವನು ಸೀದಾ ಕೌಂಟರಿಗೆ ಬಂದು ನಿಂತ. ಕನ್ನಡಕ ಇವತ್ತು ಕಣ್ಣ ಮೇಲೇ ಇತ್ತು.

"ಬಸ್ಸು ತಪ್ಪಿದವಳು ನೀವಾ?" ಅಂದ.

"ಹಲ್ಲುನೋವಾ?"

"ಅಲ್ಲ."

"ಹಾಗಿದ್ರೆ ಕ್ಷಮೆ ಕೇಳೋಕಾ? ಇಲ್ಲಿ ಬೇಡ. ಎಲ್ಲಿ ನಕ್ಕರೋ ಅಲ್ಲಿ ಕೇಳಿ."

"ಬೆಳಿಗ್ಗೆನೇ ಅಲ್ಲಿ ಕೇಳಿ ಬಂದೆ. ನೋಡಿಲ್ವಾ?"

ನಾನು ಕೌಂಟರಿನ ಕಂಪ್ಯೂಟರಿನಲ್ಲಿ ಪುಟ ತೆರೆದೆ. ಮುಚ್ಚಿದ್ದ ನನ್ನ ದೂರು ತೆರೆದಿತ್ತು. "ತಪ್ಪು ನನ್ನದು. ಬಸ್ಸಿನದ್ದೂ ನನ್ನದೇ, ಮಾತಿನದ್ದೂ ನನ್ನದೇ. ಇವರು ಆ ದಿನ ಕಳೆದುಕೊಂಡದ್ದನ್ನು ನಾನು ವಾಪಸು ಕೊಡಲಾರೆ. ನಕ್ಕವರೆಲ್ಲ ನನ್ನ ಜೊತೆ ಕ್ಷಮೆ ಕೇಳಬೇಕು," ಎಂದಿತ್ತು. ಕೆಳಗೆ ಬ್ಯಾಂಕಕ್ಕ ಮೊದಲಾಗಿ ಎಲ್ಲರೂ ಕೇಳಿದ್ದರು. ನಾನು ಕಾದಿದ್ದ ಕ್ಷಣ ಅದು. ಓದಿ ಗಹಗಹಿಸಿ ನಗುತ್ತೇನೆ ಅಂದುಕೊಂಡಿದ್ದೆ. ಅಳು ಬಂತು, ಅದೂ ಅವನೆದುರು.

"ಇದು ಆಯ್ತಲ್ಲ, ಮತ್ತೆ ಇಲ್ಲಿಗ್ಯಾಕೆ ಬಂದ್ರಿ?" ಅಂದೆ, ಮೂಗೊರೆಸಿಕೊಳ್ಳುತ್ತ.

"ಬೇರೆ ಮಾತಿದೆ." ಅವನು ಬೆಂಚಿನ ಕಡೆ ನೋಡಿದ. ತಾತ ಕೆನ್ನೆಯ ಮೇಲಿನ ಕೈ ತೆಗೆದು ಕಿವಿ ನಿಮಿರಿಸಿದ್ದ.

"ಟೋಕನ್ ತಗೊಳ್ಳಿ. ಸರದಿ ಬಂದಾಗ ಹೇಳಿ."

ಕೊನೆಯ ಟೋಕನ್ನೇ ಕೊಟ್ಟೆ. ತೀರಿತು ಅಂತ ಅಷ್ಟು ಸುಲಭಕ್ಕೆ ಬಿಡಲು ನಾನೇನು ದೇವತೆಯಾ? ಅವನು ಬೆಂಚಿನ ತುದಿಯಲ್ಲಿ ಮೊಣಕಾಲು ಜೋಡಿಸಿ ಕೂತ. ಒಳಗಿನಿಂದ ಹಲ್ಲು ಕೊರೆಯುವ ಸದ್ದು ಬಂದಾಗಲೆಲ್ಲ ಬೆಚ್ಚಿ ನನ್ನ ಕಡೆ ನೋಡುತ್ತಿದ್ದ. ನಾನು ಏನೋ ಟೈಪ್ ಮಾಡುವವಳಂತೆ ಪರದೆಯ ಅಂಚಿನಿಂದ ನೋಡುತ್ತಿದ್ದೆ. ಒಂದು ಸಲ ಕಣ್ಣಿಗೆ ಕಣ್ಣು ಸಿಕ್ಕಿ ಇಬ್ಬರೂ ಸಿಕ್ಕಿಬಿದ್ದೆವು. ತಾತ ಒಳಗೆ ಹೋಗುವ ಮುನ್ನ ಅವನ ಭುಜ ತಟ್ಟಿ, "ಧೈರ್ಯ ತಗೊಳ್ಳಪ್ಪ. ಕೀಳೋವರೆಗೆ ಮಾತ್ರ ನೋವು," ಅಂದ.

ಎಲ್ಲರೂ ಹೋದ ಮೇಲೆ ಅವನು ಟೋಕನ್ ಹಿಡಿದು ಎದ್ದು ಬಂದ.

"ನಿಮ್ಮ ತಪ್ಪುಪಟ್ಟಿ ಓದಿದೆ. ಕೈ ತುರಿಸ್ತಿದೆ. ಒಂದನ್ನೂ ಮುಟ್ಟಿಲ್ಲ."

"ಮುಟ್ಟಿದ್ರೆ ಜೋಕೆ."

"ನನ್ನ ಕೋಡನ್ನ ಇಷ್ಟು ಸೂಕ್ಷ್ಮವಾಗಿ ಯಾರೂ ಓದಿಲ್ಲ, ಗುಬ್ಬಿ. ಸಿಟ್ಟಿಂದಲೇ ಓದಿದ್ರೂ ಸರಿ. ಶನಿವಾರ ನೀವು ಬರೋದು ಸ್ವಲ್ಪ ತಡ ಆದ್ರೆ ನಾನು ಟೀ ಬಗ್ಗಿಸೋದು ಬಿಟ್ಟು ಮೆಟ್ಟಿಲು ನೋಡ್ತಾ ನಿಂತಿರ್ತೀನಿ. ಬ್ಯಾಂಕಕ್ಕ ಎರಡು ಸಲ ಬೈದಿದಾರೆ." ಉಸಿರು ತೆಗೆದುಕೊಂಡ. "ನನಗೆ ನೀವು ಬೇಕು. ಇಷ್ಟೇ ಮಾತು."

"ನಿನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆ ಗೊತ್ತಾ ನಿನಗೆ?" ಅಂದೆ. 'ನೀವು' ಎಲ್ಲೋ ಉದುರಿಹೋಗಿತ್ತು. "ಆ ಸಿಟ್ಟು ಹಿಡ್ಕೊಂಡು ಓದಿದೆ, ಕಲಿತೆ, ವಾರ ವಾರ ಬಂದೆ. ನಡುವೆ ಯಾವಾಗ ನಿನ್ನನ್ನ ನೋಡೋಕೆ ಬರೋಕೆ ಶುರು ಮಾಡಿದೆ ಅಂತ ನನಗೇ ಗೊತ್ತಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು."

ಅವನ ಮುಖದಲ್ಲಿ ನಗು ಮೆಲ್ಲಗೆ ಬಂತು.

"ನಗಬೇಡ. ಇನ್ನೂ ಮುಗಿದಿಲ್ಲ. ಆ ತಾಯಿ ಇದ್ರಲ್ಲ, ಅವರನ್ನ ಹುಡುಕಿ ಕರ್ಕೊಂಡು ಬಾ. ಬರದೆ ಇದ್ರೆ ನಾವಿಬ್ಬರೂ ಅವರ ಮನೆಗೆ ಹೋಗಿ ಕೇಳ್ಕೊಳ್ಳೋಣ."

"ಇಬ್ಬರೂನಾ?"

"ಅವರನ್ನ ಬರಿಗೈಯಲ್ಲಿ ಕಳಿಸಿದ್ದು ನಾನು."

ಶನಿವಾರ ಆ ತಾಯಿ ಬಂದರು. ಮೇಷ್ಟ್ರು ಟೀ ಕೊಟ್ಟು, ಹಸಿರು ಚೀಟಿಗಳ ಪುಟ ತೆರೆದು, ಒಂದನ್ನು ಆರಿಸಿಕೊಳ್ಳಿ ಅಂದ. ಅವರು ಎರಡು ಸಲ ತೆರೆಯುವ ಕಿಟಕಿಯನ್ನು ಆರಿಸಿದರು. ಅವನು ಒಂದು ಪಕ್ಕ ಕೂತ, ಅವನ ಪಕ್ಕದಲ್ಲಿ ನಾನು. ಅವರು ನಿಧಾನವಾಗಿ, ತುಟಿಯಲ್ಲೇ ಓದಿಕೊಳ್ಳುತ್ತ ಸಾಲುಗಳನ್ನು ಇಳಿದರು. ತಪ್ಪಿದ್ದ ಸಾಲನ್ನು ದಾಟಿ ಮುಂದೆ ಹೋದರು. ಮೇಷ್ಟ್ರ ಬೆರಳುಗಳು ಕೀಬೋರ್ಡಿನ ಕಡೆ ಹೊರಟವು.

ಮೇಜಿನ ಕೆಳಗೆ ಎಳೆದು ಆ ಕೈ ಹಿಡಿದುಕೊಂಡೆ. ಅವನು ತಿರುಗಿ ನೋಡಿದ. ನಾನು ಪರದೆಯನ್ನೇ ನೋಡುತ್ತಿದ್ದೆ.

ಅವರು ಮತ್ತೆ ಮೇಲಿನಿಂದ ಓದುತ್ತ ಬಂದರು. ನಿಂತರು. "ಅಯ್ಯೋ, ಕಿಟಕಿ ತೆರಿ ಅಂತ ಎರಡು ಕಡೆ ಬರೆದಿದಾರಲ್ಲ! ಬರೆದೋರಿಗೆ ಧ್ಯಾನ ಎಲ್ಲಿತ್ತೋ!" ಎಂದು ಜೋರಾಗಿ ನಕ್ಕರು. ಕೋಣೆಯವರೆಲ್ಲ ತಿರುಗಿ ನೋಡಿ ನಕ್ಕರು. ಮೇಷ್ಟ್ರು ಕಿವಿಯವರೆಗೆ ಕೆಂಪಾಗಿ ತಲೆ ತಗ್ಗಿಸಿದ.

"ನೀವೇ ಕಂಡುಹಿಡಿದ್ರಿ. ಈಗ ನೀವೇ ತಿದ್ದಿ," ಎಂದೆ ಅವರಿಗೆ. ಅವರು ಟೈಪ್ ಮಾಡತೊಡಗಿದರು. ಅವನ ಕೈಯನ್ನು ಹಿಡಿದಿರುವ ಅಗತ್ಯ ಇನ್ನಿರಲಿಲ್ಲ; ನಾನು ಬಿಡಲಿಲ್ಲ.